ಇಲ್ಲದ ಮರಕ್ಕೆ ಬಂದ ಬಾವಲಿಗಳು

"ಬಾವಲಿ ಕಂಡ್ರ ಹೆದರಿಕಿ ಏನರ ಅದ ಏನ ನಿನಗ?"

ಅಕ್ಕೋರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಕೇಳಿದ್ದು ಇದೊಂದೇ ಪ್ರಶ್ನೆ. ಇಲ್ಲರಿ ಅಂದೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾವಲಿ ಎಂಬ ಶಬ್ದವನ್ನೂ ಯಾರೂ ಆಡುತ್ತಿರಲಿಲ್ಲ. ಮನೆಯೊಳಗೆ ಬಾವಲಿ ಹೊಕ್ಕರೆ ಆ ಮನೆ ಬಿಡಬೇಕು ಎಂದು ನಂಬಿದ್ದವಳು ನನ್ನ ಅವ್ವ. ಆದರೆ ಕಂಪ್ಯೂಟರ್ ಕಲಿತವರಿಗೆ ಎಲ್ಲೂ ಕೆಲಸ ಸಿಗದ ವರ್ಷ ಅದು, ಎರಡು ಸಾವಿರದ ಒಂದೋ ಎರಡೋ ಇಸವಿ. ಪುಣೆಯ ಕಂಪನಿಗಳು ಕರೆದ ಹುಡುಗರನ್ನೇ ನಾಳೆ ಬನ್ನಿ ಎಂದು ವಾಪಸು ಕಳಿಸುತ್ತಿದ್ದವು. ವಿಜಯಪುರದ ಕಡೆಯಿಂದ ಬಂದು ಪುಣೆಯ ಬಟ್ಟೆ ಪೇಟೆಯಲ್ಲಿ ಕಾರಕೂನರಾಗಿದ್ದ ಅಪ್ಪ, ಪರಿಚಯದ ಯಾರೋ ಹೇಳಿದರೆಂದು ನನ್ನನ್ನು ಶಿವಾಜಿನಗರದ ಆ ಕಾಲೇಜಿಗೆ ಕರೆತಂದಿದ್ದರು.

ಅಕ್ಕೋರು ಧಾರವಾಡದವರು. ಮದುವೆಯಾಗಿ ಪುಣೆಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಪ್ರಾಣಿಶಾಸ್ತ್ರ ಕಲಿಸುತ್ತ ಉಳಿದುಬಿಟ್ಟಿದ್ದರು. ಹುಡುಗರಿಗೆ ಅವರು ಮ್ಯಾಡಮ್. ನನಗೆ ಮಾತ್ರ ಮೊದಲ ದಿನವೇ ಬಾಯಿಗೆ ಬಂದದ್ದು ಅಕ್ಕೋರು, ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಹಂಗ ಕರಿ, ಭಾಳ ದಿವಸಾತು ಯಾರೂ ಕರದಿಲ್ಲ" ಅಂದರು.

ಕೆಲಸದ ಕೋಣೆ ಮೊದಲು ಉಗ್ರಾಣವಾಗಿತ್ತು. ಒಂದು ಗೋಡೆಗೆ ಗಾಜಿನ ಜಾಡಿಗಳು, ಅವುಗಳಲ್ಲಿ ಬಣ್ಣ ಕಳೆದುಕೊಂಡ ಹಾವು, ಕಪ್ಪೆ. ಇನ್ನೊಂದು ಗೋಡೆಗೆ ಹೊದಿಕೆ ಹೊದಿಸಿದ ಕಂಪ್ಯೂಟರು. ಮೂಲೆಯಲ್ಲಿ ಹಳೆಯ ಪೇಪರಿನ ಮೇಲೆ ಒಣಗಲು ಹಾಕಿದ ಬೀಜಗಳು. ಅವು ಬಾವಲಿಯ ಹಿಕ್ಕೆಯಿಂದ ತೆಗೆದವು. ಊರ ಸುತ್ತಲಿನ ದೊಡ್ಡ ಬಾವಲಿಗಳು, ಹಣ್ಣು ತಿಂದು ಬದುಕುವಂಥವು, ಹಗಲು ಯಾವ ಯಾವ ಮರಕ್ಕೆ ಜೋತುಬೀಳುತ್ತವೋ ಆ ಮರಗಳ ಕೆಳಗೆ ಅಕ್ಕೋರ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಹಾಸಿ ಹಿಕ್ಕೆ ಸಂಗ್ರಹಿಸುತ್ತಿದ್ದರು. ಅದನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದರೆ ಬೀಜ ಉಳಿಯುತ್ತಿದ್ದವು. ಆಲ, ಅತ್ತಿ, ಬಸರಿಗಳ ಬೀಜ ಎಲ್ಲ ಒಂದೇ ನಮೂನೆ ರವೆಯ ಹಾಗೆ. ಅವನ್ನು ಚಹಾದ ಕಪ್ಪಿನ ಮಣ್ಣಿನಲ್ಲಿ ಮೊಳೆಯಿಸಿ ಎಲೆ ಬಿಡುವತನಕ ಕಾಯಬೇಕಿತ್ತು. ಎಲೆ ನೋಡಿದರೆ ಯಾವ ಹಣ್ಣು, ಅದು ಯಾವ ಕಡೆ ಬೆಳೆಯುವಂಥದ್ದು ಎಂದು ಅಕ್ಕೋರಿಗೆ ತಿಳಿಯುತ್ತಿತ್ತು. ಇದಲ್ಲದೆ ಪ್ರತಿ ವಾರ ಒಂದೊಂದು ಮರದಲ್ಲಿ ಎಷ್ಟು ಬಾವಲಿ ಇವೆ ಎಂದು ಎಣಿಸುವ ಕೆಲಸವೂ ವರ್ಷಗಳಿಂದ ನಡೆದಿತ್ತು.

"ಇದರಾಗ ಏನೋ ಅದ," ಎಂದು ಅಕ್ಕೋರು ಕಾಗದದ ಕಟ್ಟುಗಳನ್ನು ತೋರಿಸಿದರು. "ನನಗ ಕಾಣಸವಲ್ದು. ನಿನ್ನ ಮಷೀನಿಗೆ ಕಾಣಸ್ತದೇನು ನೋಡು."

ಮಳೆಗಾಲ ಪೂರ್ತಿ ನಾನು ಅದನ್ನೆಲ್ಲ ಟೈಪು ಮಾಡಿದೆ. ಸಂಜೆ ಮನೆಗೆ ಹೋದರೆ ಅವ್ವ ಹೊರಗೇ ನಿಲ್ಲಿಸಿ, ಬಚ್ಚಲಿಗೆ ನೀರಿಟ್ಟಿದ್ದೇನೆ, ತಲೆ ಮೇಲೆ ಹಾಕಿಕೊಂಡೇ ಒಳಗೆ ಬಾ ಅನ್ನುತ್ತಿದ್ದಳು. ಎಷ್ಟು ತೊಳೆದರೂ ಕೂದಲಿಗೆ ಆ ವಾಸನೆ ಹೋಗುತ್ತಿರಲಿಲ್ಲ. ಕೊಳೆತ ಪೇರಲ, ಒದ್ದೆ ತೊಗಲು, ಇನ್ನೂ ಏನೋ ಒಂದು.

ನಾನು ಮಾಡಿದ ಕೆಲಸ ಹೇಳಲು ಸರಳ. ಬಾವಲಿ ಇರುವ ಒಂದೊಂದು ಮರ ಒಂದು ಚುಕ್ಕಿ. ಹಣ್ಣು ಸಿಗುವ ಒಂದೊಂದು ಜಾಗ ಇನ್ನೊಂದು ಚುಕ್ಕಿ. ಈ ಮರದ ಕೆಳಗೆ ಆ ಜಾಗದ ಬೀಜ ಸಿಕ್ಕರೆ ಎರಡರ ನಡುವೆ ಒಂದು ಗೆರೆ. ಒಂದು ಮರದಲ್ಲಿ ಬಾವಲಿ ಕಡಿಮೆಯಾದ ವಾರವೇ ಇನ್ನೊಂದರಲ್ಲಿ ಹೆಚ್ಚಾದರೆ, ಅದೂ ಮತ್ತೆ ಮತ್ತೆ ಹಾಗೇ ಆದರೆ, ಅವೆರಡರ ನಡುವೆಯೂ ಗೆರೆ. ಆಮೇಲೆ ಈ ಬಲೆಯಲ್ಲಿ ಯಾವ ಗುಂಪುಗಳಿವೆ, ಯಾವ ಚುಕ್ಕಿ ತೆಗೆದರೆ ಬಲೆ ಹರಿಯುತ್ತದೆ ಎಂದು ಪ್ರೋಗ್ರಾಮು ಹುಡುಕುತ್ತಿತ್ತು. ತೆರೆಯ ಮೇಲೆ ಚುಕ್ಕಿಗಳು ಒಂದನ್ನೊಂದು ದೂಡುತ್ತಿದ್ದವು, ಗೆರೆಗಳು ಎಳೆದು ಹಿಡಿಯುತ್ತಿದ್ದವು. ದೂಡಿ ಎಳೆದು ನಡುಗಿ, ಸ್ವಲ್ಪ ಹೊತ್ತಿಗೆ ನಿಲ್ಲುತ್ತಿದ್ದವು.

ದೀಪಾವಳಿ ಹತ್ತಿರವಾದಾಗ ಒಂದು ಮಧ್ಯಾಹ್ನ ಅವು ನಿಂತ ರೀತಿ ನೋಡಿ ನಾನು ಅಕ್ಕೋರನ್ನು ಕೂಗಿ ಕರೆದೆ. ಎಡಕ್ಕೊಂದು ದಟ್ಟ ಗುಂಪು, ಪಶ್ಚಿಮದ ಗುಡ್ಡಗಳ ಕಡೆಯ ಮರಗಳದು. ಬಲಕ್ಕೊಂದು ಗುಂಪು, ಊರಿನ ಪೂರ್ವದ ಕಡೆಯದು, ಸಾಸವಡದ ಅಂಜೂರದ ತೋಟಗಳು, ಇಂದಾಪುರದ ದಾರಿಯ ಕಾಲುವೆ ಪಕ್ಕದ ಮರಗಳು. ನಡುವೆ ಒಂದೇ ಒಂದು ಚುಕ್ಕಿ. ಎರಡೂ ಕಡೆಯ ಬೀಜ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಎರಡೂ ಕಡೆಯ ಬಾವಲಿಗಳು ಬಂದು ಹೋಗುತ್ತಿದ್ದದ್ದೂ ಅಲ್ಲಿ ಮಾತ್ರ.

ಅಕ್ಕೋರು ಚುಕ್ಕಿಯ ಪಕ್ಕದ ಗುರುತು ಓದಿ ನಕ್ಕರು. "ಅಯ್ಯ, ಇದು ಹೋಟೆಲ್ ಹಿಂದಿನ ಹುಣಸಿಮರ! ನಡೀ, ದೋಸಾ ತಿನಸ್ತೀನಿ."

ಹೋಟೆಲು ಊರಿನ ಪೂರ್ವದ ಹೆದ್ದಾರಿಯ ಮೇಲಿತ್ತು. ಉಡುಪಿ ಕಡೆಯ ದಂಪತಿಗಳು ನಡೆಸುತ್ತಿದ್ದರು. ಯಜಮಾನರು ಹಣದ ಗಲ್ಲೆಯ ಮೇಲೆ, ಎಲ್ಲರೂ ಅಮ್ಮ ಎಂದು ಕರೆಯುವ ಅವರ ಹೆಂಡತಿ ಒಳಗೆ ಅಡಿಗೆಮನೆಯಲ್ಲಿ. ಹಿತ್ತಿಲಲ್ಲಿ, ಕಾಂಪೌಂಡಿನ ಆಚೆ ಆ ಹುಣಸೆಮರ. ನಾನು ಮೊದಲ ಸಲ ತಲೆಯೆತ್ತಿ ನೋಡಿದಾಗ ಎಲೆಯೇ ಕಾಣಲಿಲ್ಲ. ಕೊಂಬೆ ಕೊಂಬೆಗೂ ಕಪ್ಪು ಚೀಲಗಳು ಜೋತುಬಿದ್ದಿದ್ದವು. ಒಂದು ಚೀಲ ಬಿಚ್ಚಿಕೊಂಡಿತು, ಒಳಗಿನಿಂದ ನಾಯಿಮರಿಯ ಮುಖವೊಂದು ನನ್ನನ್ನು ನೋಡಿತು. ಕೆಂಗೂದಲು, ದೊಡ್ಡ ಒದ್ದೆ ಕಣ್ಣು. ಹೆದರಿಕೆಯಾಗುತ್ತದೆ ಅಂದುಕೊಂಡಿದ್ದೆ. ಆದದ್ದು ಸಂಕೋಚ, ಮಲಗಿದವರ ಮನೆಯೊಳಗೆ ಬಾಗಿಲು ತಟ್ಟದೆ ಹೋದ ಹಾಗೆ.

ಅಮ್ಮ ಬಂದು ಒಂದು ಬಿಳಿ ಬಟ್ಟೆ ನಮ್ಮ ಮುಂದೆ ಹಿಡಿದರು. "ನೋಡಿ ಟೀಚರೇ, ಇದು ಇಡ್ಲಿ ಬೇಯಿಸುವ ಬಟ್ಟೆ. ಬೆಳಗ್ಗೆ ಸೋಡಾ ಹಾಕಿ ಕುದಿಸಿ ಒಣಗಲು ಹಾಕಿದ್ದು. ಇದರ ಮೇಲೆ ಮಾಡಿಟ್ಟದ್ದು ಯಾರು? ನಿಮ್ಮ ಮಕ್ಕಳು."

ಬಟ್ಟೆಯ ಮೇಲೆ ಕಂದು ಕಲೆ. ಅಕ್ಕೋರು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, "ಅಂಜೂರ ತಿಂದಾವ್ರಿ," ಎಂದರು. "ನಿನ್ನೆ ರಾತ್ರಿ ಸಾಸವಡಕ್ಕ ಹೋಗಿ ಬಂದಾವ."

"ಎಲ್ಲಿಗೆ ಬೇಕಾದರೂ ಹೋಗಲಿ, ನನ್ನ ಬಟ್ಟೆಗೆ ಯಾಕೆ ಬರುವುದು? ರಾತ್ರಿಯಿಡೀ ಜಗಳ, ಹಗಲಿಡೀ ಜಗಳ. ಹನ್ನೊಂದು ವರ್ಷ ಆಯಿತು, ನಾನು ಒಂದು ದಿನ ಸರಿಯಾಗಿ ನಿದ್ದೆ ಮಾಡಿದ್ದಿಲ್ಲ. ಈ ಮರ ಒಂದು ದಿನ ಹೋಗಬೇಕು. ಊರಿನ ದೇವರಿಗೆ ಹೇಳಿಕೊಂಡಿದ್ದೇನೆ."

ದೋಸೆ ತಿನ್ನುವಾಗ ಅಕ್ಕೋರು ಯಜಮಾನರಿಗೆ ನನ್ನ ಚುಕ್ಕಿ ಗೆರೆಗಳ ಚಿತ್ರ ಬಿಡಿಸಿ ತೋರಿಸಿದರು. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಅಂದರೆ ಇದೊಂದು ಬಸ್‌ಸ್ಟ್ಯಾಂಡ್ ಅಂತ ಆಯಿತು," ಎಂದರು. "ಆಚೆಯ ಬಸ್ಸು ಈಚೆ, ಈಚೆಯದು ಆಚೆ. ಎಲ್ಲ ಇಲ್ಲಿ ಇಳಿದು ಹತ್ತಬೇಕು."

"ಹೌದ್ರಿ, ಬರಾಬರ್."

"ಹಾಗಾದರೆ ಸ್ಟ್ಯಾಂಡಿನವರು ನನಗೆ ಬಾಡಿಗೆ ಕೊಡಬೇಕಲ್ಲ?" ಎಂದು ನಕ್ಕು ಚಹಾ ತರಿಸಿದರು. ಒಳಗಿನಿಂದ ಪಾತ್ರೆ ಕುಕ್ಕಿದ ಶಬ್ದ ಬಂತು.

ಚಳಿಗಾಲ ಮುಗಿಯುವಷ್ಟರಲ್ಲಿ ಆ ಮರಕ್ಕೆ ಬಿಳಿ ಬಣ್ಣದ ಪಟ್ಟಿ ಬಿತ್ತು. ರಸ್ತೆ ಅಗಲವಾಗುವುದಿತ್ತು, ಅದಕ್ಕೆ ಕಡಿಯುವ ಮರಗಳ ಗುರುತು ಅದು. ಅಕ್ಕೋರು ನನ್ನಿಂದ ಎರಡು ಚಿತ್ರ ಪ್ರಿಂಟು ತೆಗೆಸಿದರು, ಮರ ಇರುವ ಬಲೆ, ಮರ ಇಲ್ಲದ ಬಲೆ. ಎರಡನೆಯದರಲ್ಲಿ ಗುಂಪುಗಳು ಕಾಗದದ ಎರಡು ಅಂಚಿಗೆ ಸರಿದುಹೋಗಿದ್ದವು. ಅವನ್ನು ತೆಗೆದುಕೊಂಡು ನಾವು ರಸ್ತೆ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ನಮ್ಮನ್ನು ಕೂರಿಸಿ, ನೀರು ಕೊಟ್ಟು, ಮರಾಠಿಯಲ್ಲಿ ನಿಧಾನವಾಗಿ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಮ್ಯಾಡಮ್, ಮರಕ್ಕೆ ಕಾಲಿಲ್ಲ, ಒಪ್ಪಿದೆ. ಬಾವಲಿಗೆ ರೆಕ್ಕೆ ಇವೆಯಲ್ಲ?" ಅಂದರು. ವ್ಯಂಗ್ಯ ಮಾಡಲಿಲ್ಲ, ನಿಜವಾಗಿಯೂ ಕೇಳಿದರು. ಆ ರಸ್ತೆಯಲ್ಲಿ ವಾರಕ್ಕೊಂದು ಅಪಘಾತ ಆಗುತ್ತಿದ್ದದ್ದು ನಮಗೂ ಗೊತ್ತಿತ್ತು. ಅಕ್ಕೋರು ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಹಾಗೆ ಅವರು ಎಂದೂ ಹಿಡಿದವರಲ್ಲ.

ಏಪ್ರಿಲ್‌ನ ಒಂದು ಬೆಳಗ್ಗೆ ಹೋಟೆಲಿನ ಯಜಮಾನರ ಫೋನು ಬಂತು. "ಶುರು ಮಾಡಿದರು," ಎಂದಷ್ಟೇ ಹೇಳಿದರು.

ನಾವು ರಿಕ್ಷಾ ಹಿಡಿದು ಹೋಗುವ ಹೊತ್ತಿಗೆ ಅರ್ಧ ಮರ ನೆಲದ ಮೇಲಿತ್ತು. ಗರಗಸದ ಸದ್ದಿಗಿಂತ ಮೇಲಿನ ಸದ್ದು ಜೋರಾಗಿತ್ತು. ಅಷ್ಟೂ ಬಾವಲಿಗಳು ಸುಡುಬಿಸಿಲಿನ ಆಕಾಶದಲ್ಲಿದ್ದವು. ಹಗಲಿನಲ್ಲಿ ಅವುಗಳ ರೆಕ್ಕೆಯ ಮೂಲಕ ಬಿಸಿಲು ಹಾಯುತ್ತದೆ, ತೆಳ್ಳಗಿನ ಚರ್ಮದಲ್ಲಿ ಎಲುಬು ಕಾಣುತ್ತದೆ, ಮನುಷ್ಯರ ಬೆರಳಿನ ಹಾಗೆ. ಅವು ಮರಿ ಹಾಕುವ ಕಾಲ ಅದು. ತಾಯಿಗಳು ಎದೆಗೆ ಮರಿ ಕಚ್ಚಿಸಿಕೊಂಡೇ ಹಾರುತ್ತಿದ್ದವು. ಕಾಗೆಗಳು ಬೆನ್ನು ಹತ್ತಿದ್ದವು. ಕೆಲವು ಮರಿಗಳು ಕೆಳಗೆ ಬಿದ್ದಿದ್ದವು. ಅಕ್ಕೋರು ಸೆರಗು ಹಾಸಿ ಅವನ್ನು ಒಂದೊಂದಾಗಿ ಎತ್ತತೊಡಗಿದರು. ನನಗೆ ಕೈಯೇ ಮುಂದಾಗಲಿಲ್ಲ.

ಆಗ ಅಮ್ಮ ಹೊರಗೆ ಬಂದರು. ಮೊಳಕೈತನಕ ಹಿಟ್ಟು ಮೆತ್ತಿತ್ತು. ಒಂದು ಸಲ ಮೇಲೆ ನೋಡಿದರು, ಒಂದು ಸಲ ಕೆಳಗೆ. ಒಳಗೆ ಹೋಗಿ ತರಕಾರಿಯ ಬುಟ್ಟಿ ತಂದು, ಅದರಲ್ಲಿ ಇಡ್ಲಿ ಬಟ್ಟೆ ಹಾಸಿ ಅಕ್ಕೋರ ಪಕ್ಕ ಇಟ್ಟರು. ಮರಿಗಳಲ್ಲಿ ಬದುಕಿ ಉಳಿದದ್ದು ಕಡಿಮೆ. ಉಳಿದವನ್ನು ಕಾಲೇಜಿಗೆ ತಂದು ಹತ್ತಿಯ ಬತ್ತಿಯಿಂದ ಹಾಲು ಕುಡಿಸಿದೆವು. ಅವೂ ಒಂದೊಂದಾಗಿ ಹೋದವು.

ಎರಡು ದಿನ ಬಿಟ್ಟು ಯಜಮಾನರು ಮತ್ತೆ ಫೋನು ಮಾಡಿದರು. "ಟೀಚರೇ, ಬೆಳಗ್ಗೆ ಒಮ್ಮೆ ಬನ್ನಿ. ಹಾಲು ಬರುವ ಹೊತ್ತಿಗೆ. ಹೇಳಿದರೆ ತಿಳಿಯುವುದಿಲ್ಲ."

ಹೋದೆವು. ಪೂರ್ವದಲ್ಲಿ ಬೂದು ಬೆಳಕು ಆಗಷ್ಟೇ ಹರಿದಿತ್ತು. ಮರ ಇದ್ದ ಕಡೆ ದಿಮ್ಮಿಗಳನ್ನೂ ಸಾಗಿಸಿ ಆಗಿತ್ತು, ಬುಡದ ಸುತ್ತ ಗರಗಸದ ಕೆಂಪು ಹೊಟ್ಟು ಮಾತ್ರ. ಅಮ್ಮ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತಿದ್ದರು. ಕೈ ಎತ್ತಿ ನಮ್ಮನ್ನು ಸುಮ್ಮನಿರಿ ಎಂದರು.

ಅವು ಬಂದವು. ಪಶ್ಚಿಮದಿಂದ ಒಂದಿಷ್ಟು, ಸಾಸವಡದ ಕಡೆಯಿಂದ ಒಂದಿಷ್ಟು. ರಾತ್ರಿಯೆಲ್ಲ ತಿಂದು ಮನೆಗೆ ಮರಳುವ ಹಾಗೆ ನೇರ ಅಲ್ಲಿಗೇ ಬಂದವು. ಮೊದಲು ಬಂದದ್ದು ವೇಗ ತಗ್ಗಿಸಿ, ರೆಕ್ಕೆ ಎತ್ತಿ, ಕೊಂಬೆ ಹಿಡಿಯಲು ಕಾಲು ಚಾಚಿತು. ಕೊಂಬೆ ಇರಲಿಲ್ಲ. ಅದು ಒಂದಿಷ್ಟು ಕೆಳಗೆ ಬಿದ್ದು, ಬಡಬಡ ರೆಕ್ಕೆ ಬಡಿದು ಮೇಲೆದ್ದಿತು. ಹಿಂದಿನದೂ ಹಾಗೇ ಮಾಡಿತು. ಅದರ ಹಿಂದಿನದೂ. ಮುಂಚೆ ತಮ್ಮ ತಮ್ಮ ಕೊಂಬೆ ಎಲ್ಲೆಲ್ಲಿದ್ದವೋ ಅಲ್ಲಲ್ಲಿಗೇ ಹೋಗುತ್ತಿದ್ದವು, ಕೆಲವು ಎತ್ತರಕ್ಕೆ, ಕೆಲವು ಕೆಳಗೆ, ಕೆಲವು ಹೋಟೆಲಿನ ಮಾಳಿಗೆಯ ಮೇಲೆ ಚಾಚಿದ್ದ ಟೊಂಗೆಯ ಜಾಗಕ್ಕೆ. ನೋಡುತ್ತ ನೋಡುತ್ತ ನನಗೆ ಆ ಖಾಲಿ ಆಕಾಶದಲ್ಲಿ ಹುಣಸೆಮರ ಕಾಣತೊಡಗಿತು. ಅದರ ಅಗಲ, ಎತ್ತರ, ಒಂದು ಪಕ್ಕಕ್ಕೆ ವಾಲಿದ ರೀತಿ, ಎಲ್ಲ. ಅಕ್ಕೋರು ಎಣಿಸಲು ಪೆನ್ನು ತೆಗೆದವರು ಹಾಗೇ ಹಿಡಿದುಕೊಂಡು ನಿಂತಿದ್ದರು.

ಬಿಸಿಲು ಬಿದ್ದ ಮೇಲೆ ಅವು ಚದುರಿಹೋದವು. ಅಮ್ಮ ನಮ್ಮ ಕಡೆ ತಿರುಗಿ, "ನಾನು ಹೇಳಿಕೊಂಡದ್ದು ಕೇಳಿಸಿತು ಅಂತ ಕಾಣುತ್ತದೆ," ಅಂದರು. ಯಾರಿಗೆ ಕೇಳಿಸಿತು ಎಂದು ನಾವು ಕೇಳಬೇಕಿರಲಿಲ್ಲ.

"ಹಂಗ ಅಲ್ಲರಿ," ಎಂದರು ಅಕ್ಕೋರು. "ರಸ್ತೆ ಕೆಲಸ ಭಾಳ ಹಿಂದ ಮಂಜೂರಾಗಿತ್ತು."

"ನಾನು ಅದಕ್ಕಿಂತ ಹಿಂದೆ ಹೇಳಿಕೊಂಡದ್ದು," ಎಂದು ಅಮ್ಮ ಒಳಗೆ ಹೋದರು.

ಹಲವು ದಿನ ಅವು ಬಂದವು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತ, ಮಳೆ ಶುರುವಾಗುವ ಹೊತ್ತಿಗೆ ನಿಂತೇಹೋದವು. ಆದರೆ ಅಮ್ಮನಿಗೆ ನಿಲ್ಲಲಿಲ್ಲ. ಯಜಮಾನರು ಒಂದು ಸಲ ಗಲ್ಲೆಯ ಮೇಲೆ ಬಾಗಿ ನನಗೆ ಮೆಲ್ಲಗೆ ಹೇಳಿದರು: "ಅವಳಿಗೆ ಈಗಲೂ ಜಗಳ ಕೇಳುತ್ತದಂತೆ, ಮಾರಾಯ್ತಿ. ಕಿಟಕಿ ಹಾಕಿ ಅಂತಾಳೆ. ಹಾಕಿದರೆ, ಹಾಕಬೇಡಿ, ಕೇಳುವುದಿಲ್ಲ ಅಂತಾಳೆ. ಮಾಳಿಗೆ ಮೇಲೆ ಬಾಳೆಹಣ್ಣು ಇಟ್ಟು ಬರುತ್ತಾಳೆ. ಕಾಗೆ ತಿನ್ನುತ್ತದೆ." ಹಿತ್ತಿಲಿನ ಹಗ್ಗದ ಮೇಲೆ ಇಡ್ಲಿ ಬಟ್ಟೆಗಳು ಬೆಳ್ಳಗೆ ಒಣಗುತ್ತಿದ್ದವು. ಅವನ್ನು ತೆಗೆಯುವ ಮೊದಲು ಅಮ್ಮ ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡುತ್ತಿದ್ದರು.

ಶ್ರಾವಣದ ಒಂದು ದಿನ ಅವರು ಒಬ್ಬರೇ ಕಾಲೇಜಿಗೆ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು, ಯಾರದೋ ಮನೆಯ ಕಾರ್ಯಕ್ಕೆ ಹೊರಟವರ ಹಾಗೆ. ಜಾಡಿಗಳ ಕಡೆ ನೋಡದೆ ನೇರ ನನ್ನ ಮುಂದಿನ ಕುರ್ಚಿಯಲ್ಲಿ ಕೂತು, "ಮಗಾ, ನಿನ್ನ ಕಂಪ್ಯೂಟರಿನಲ್ಲಿ ಆ ಮರ ಇನ್ನೂ ಉಂಟಾ?" ಎಂದು ಕೇಳಿದರು.

ಉಂಟು ಎಂದೆ. ಆ ಚುಕ್ಕಿಯನ್ನು ತೆಗೆಯಬೇಕೋ ಬೇಡವೋ ಎಂದು ನಾನೂ ಅಕ್ಕೋರೂ ಒಂದೆರಡು ಸಲ ಮಾತಾಡಿ, ತೀರ್ಮಾನ ಮಾಡದೆ ಬಿಟ್ಟಿದ್ದೆವು. ಹಳೆಯ ವರ್ಷಗಳ ಲೆಕ್ಕದಲ್ಲಿ ಅದು ಇತ್ತು, ಆದ್ದರಿಂದ ಪ್ರೋಗ್ರಾಮು ಓಡಿಸಿದಾಗಲೆಲ್ಲ ಅದು ನಡುವೆ ಬಂದು ನಿಲ್ಲುತ್ತಿತ್ತು.

"ತೋರಿಸು ನೋಡುವ."

ತೋರಿಸಿದೆ. ಅವರು ತೆರೆಯ ಹತ್ತಿರ ಮುಖ ತಂದು, ಬೆರಳಿನಿಂದ ಆ ಚುಕ್ಕಿ ಮುಟ್ಟಿದರು. ಎಡಗಡೆಯವರು ಯಾರು, ಬಲಗಡೆಯವರು ಯಾರು ಎಂದು ವಿಚಾರಿಸಿದರು. ನಾನು ಒಂದೊಂದು ಮರ ಹೇಳಿದೆ. "ಈಗ ಅದನ್ನು ತೆಗೆ," ಅಂದರು. ನಾನು ಅಕ್ಕೋರನ್ನು ನೋಡಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ತೆಗೆದೆ. ಎಳೆದು ಹಿಡಿದ ಗೆರೆಗಳು ಒಮ್ಮೆಲೇ ಮಾಯವಾದವು. ಎರಡು ಗುಂಪುಗಳೂ ಬೆಚ್ಚಿದ ಹಾಗೆ ಹಿಂದೆ ಸರಿದು, ನಿಧಾನವಾಗಿ ತೆರೆಯ ಎರಡು ಮೂಲೆಗಳಿಗೆ ಹೋದವು. ಹೋಗುತ್ತಲೇ ಇದ್ದವು. ಅಂಚು ಬಂದಿತೆಂದು ಮಾತ್ರ ನಿಂತವು.

"ಹಾಗಾದರೆ ಇವರಿಗೆ ಅವರು ಸಿಗುವುದೇ ಇಲ್ಲವಾ ಇನ್ನು?"

"ಗೊತ್ತಿಲ್ಲ ಅಮ್ಮಾ. ಹೊಸ ಜಾಗ ಹುಡುಕಿಕೊಳ್ಳಬಹುದು."

"ಹಿಂದೆ ಇಡು. ಮೊದಲಿನ ಹಾಗೆ."

ನಾನು ಚುಕ್ಕಿಯನ್ನು ವಾಪಸು ಹಾಕಿದೆ. ಗೆರೆಗಳು ಮರಳಿದವು, ಗುಂಪುಗಳು ಹತ್ತಿರ ಬಂದವು. ಆದರೆ ಆ ಪ್ರೋಗ್ರಾಮು ಪ್ರತಿ ಸಲ ಹೊಸದಾಗಿ ದೂಡಿ ಎಳೆದು ಜಾಗ ಹುಡುಕುವಂಥದ್ದು. ಈಗ ಬಲೆ ಬೇರೆ ಆಕಾರದಲ್ಲಿ ನಿಂತಿತು. ಎಡದ್ದು ಕೆಳಗೆ, ಬಲದ್ದು ಮೇಲೆ. ಲೆಕ್ಕಕ್ಕೆ ಅದೂ ಇದೂ ಒಂದೇ ಎಂದು ನಾನು ವಿವರಿಸಲು ನೋಡಿದೆ.

"ಒಂದೇ ಅಲ್ಲ," ಎಂದರು ಅಮ್ಮ. "ಮೊದಲು ಹೀಗೆ ಇರಲಿಲ್ಲ." ಮತ್ತೆ ತೆಗೆದು ಮತ್ತೆ ಇಟ್ಟೆ. ಮತ್ತೆ ಬೇರೆ. ಮೂರನೆಯ ಸಲ ಅವರು ನನ್ನ ಕೈಹಿಡಿದು, "ಸಾಕು, ಬಿಡು," ಅಂದರು. ಅವರ ಅಂಗೈ ಹಬೆಯಲ್ಲಿದ್ದು ಬಂದ ಹಾಗೆ ಮೆತ್ತಗಿತ್ತು. ಅಕ್ಕೋರು ಅವರನ್ನು ಗೇಟಿನತನಕ ಕಳಿಸಿ ಬಂದು, ಆ ದಿನ ಬೇಗ ಮನೆಗೆ ಹೋದರು.

ನಂತರದ ಎರಡು ಚಳಿಗಾಲ ನಾವು ಅದೇ ಕೆಲಸ ಮಾಡಿದೆವು. ಪಶ್ಚಿಮದ ಮರಗಳ ಕೆಳಗೆ ಪಶ್ಚಿಮದ ಬೀಜ ಮಾತ್ರ, ಪೂರ್ವದ ಮರಗಳ ಕೆಳಗೆ ಪೂರ್ವದ್ದು ಮಾತ್ರ. ಒಂದು ಕಡೆ ಲೆಕ್ಕ ಇಳಿದರೆ ಇನ್ನೊಂದು ಕಡೆ ಏರುತ್ತಿರಲಿಲ್ಲ. ಇಂದಾಪುರದ ದಾರಿಯ ಮರಗಳಲ್ಲಿ ಎರಡು ಬರಿದಾದವು. ನಮ್ಮ ಚಿತ್ರ ಹೇಳಿದ್ದೇ ಆಯಿತು. ನನಗೆ ಸಂತೋಷವಾಗಬೇಕಿತ್ತೇನೋ. ಅಕ್ಕೋರು ಅದನ್ನು ಬರೆದು ಎಲ್ಲಿಗೋ ಕಳಿಸಿದರು, ಅಚ್ಚಾಯಿತು. ಅದರ ಪ್ರತಿ ಬಂದ ದಿನ ಅವರು ಲಕೋಟೆ ಒಡೆಯಲಿಲ್ಲ. ನಾನೇ ಒಡೆದೆ. ನಡುವಿನ ಆ ಚುಕ್ಕಿ ಅಚ್ಚಿನಲ್ಲಿ ಸ್ವಲ್ಪ ಮಸುಕಾಗಿ ಬಂದಿತ್ತು.

ಅವರು ನಿವೃತ್ತರಾಗಿ ಧಾರವಾಡಕ್ಕೆ, ತಮ್ಮನ ಮನೆಗೆ ಹೋದರು. ಎರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ನಾನು ಪುಣೆಯಲ್ಲೇ ಒಂದು ವಿಮೆ ಕಂಪನಿಗೆ ಸೇರಿದೆ. ಹೋಟೆಲಿನ ಹಿಂಭಾಗವೂ ರಸ್ತೆಗೆ ಹೋಗಿ, ಅಮ್ಮ ಮತ್ತು ಯಜಮಾನರು ಇನ್ನೂ ದೂರ, ಹೊಸ ಬಡಾವಣೆಯೊಂದರಲ್ಲಿ ಸಣ್ಣ ಹೋಟೆಲು ಹಾಕಿಕೊಂಡರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಬಾವಲಿಯ ಮಾತು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಎಂಟರ ಹೊತ್ತಿಗೆ ಹುಣಸೆಮರ ಇದ್ದ ಕಡೆ ಮೇಲುಸೇತುವೆ ಆಗಿತ್ತು. ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ಅದರ ಮೇಲೆ ಟ್ರಾಫಿಕ್ಕು ನಿಂತುಬಿಟ್ಟಿತು. ನಾನು ಸ್ಕೂಟಿಯ ಎಂಜಿನ್ನು ಆರಿಸಿ ಹೆಲ್ಮೆಟ್ಟು ತೆಗೆದೆ. ಆಕಾಶದಲ್ಲಿ ಕೊನೆಯ ಬೆಳಕು. ಪಶ್ಚಿಮದಿಂದ ನಾಲ್ಕೋ ಐದೋ ದೊಡ್ಡ ಬಾವಲಿಗಳು ಬಂದವು. ವಾಹನಗಳ ಹಾರ್ನಿಗೆ ಅವು ಅಂಜಲಿಲ್ಲ. ದೀಪದ ಕಂಬಗಳ ಮೇಲೆ ಒಂದು ಜಾಗಕ್ಕೆ ಬಂದೊಡನೆ ವೇಗ ತಗ್ಗಿಸಿ ಕೆಳಗಿಳಿದವು. ಒಂದು ಸುತ್ತು ಹಾಕಿದವು. ಆಮೇಲೆ ಮೇಲೆದ್ದು ಸಾಸವಡದ ದಿಕ್ಕಿಗೆ ಹೋದವು. ನನ್ನ ಸುತ್ತ ನೂರಾರು ಜನ, ಯಾರೂ ತಲೆ ಎತ್ತಿರಲಿಲ್ಲ.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ಕಂಡದ್ದನ್ನು ಹೇಳಿದೆ.

"ಆ ಕಡೆಗೆ ಹೋದವಾ?"

"ಹೋದವು ಅಮ್ಮಾ."

"ಇಳಿಯಲು ನೋಡಿದವಾ?"

"ಹೌದ್ರಿ. ನೋಡಿದವು."

ಅವರ ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು. ಮುಂದಿನ ಬಸ್ಸು ಚಲಿಸಿತು, ಹಿಂದಿನವರು ಹಾರ್ನು ಒತ್ತತೊಡಗಿದರು. ನಾನು ಫೋನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ಆಚೆಯಿಂದ ಅವರು ಉಸಿರಾಡುವುದು ಮಾತ್ರ ಕೇಳುತ್ತಿತ್ತು.